ಯಾವ ಬಾಣ ಮೊದಲು?

ಕಾಗದದ ಮೇಲೆ ನಾಲ್ಕು ಚುಕ್ಕಿ ಇಟ್ಟು 1, 2, 3, 4 ಅಂತ ಬರೆಯಿರಿ. 1ರಿಂದ 2ಕ್ಕೆ, 2ರಿಂದ 3ಕ್ಕೆ, 3ರಿಂದ 4ಕ್ಕೆ ಒಂದೊಂದು ಬಾಣ ಎಳೆಯಿರಿ. ಬೈನರಿ ರಿಲೇಷನ್ ಅಂದರೆ ಇಷ್ಟೇ, ಯಾವುದರಿಂದ ಯಾವುದಕ್ಕೆ ಬಾಣ ಇದೆ ಅನ್ನುವ ಜೋಡಿಗಳ ಗಣ.

ಈಗ ಒಂದು ನಿಯಮ ಹಾಕೋಣ. ಎರಡು ಬಾಣ ಹಿಡಿದು ಎಲ್ಲಿಗೆ ಹೋಗಬಹುದೋ ಅಲ್ಲಿಗೆ ನೇರ ಬಾಣವೂ ಇರಬೇಕು. ಇದು ಟ್ರಾನ್ಸಿಟಿವ್ ಗುಣ. ನಮ್ಮ ಚಿತ್ರಕ್ಕೆ ಅದಿಲ್ಲ, ಹಾಗಾಗಿ 1→3, 2→4 ಸೇರಿಸಿದೆವು ಅಂದುಕೊಳ್ಳಿ. ಮುಗೀತಾ? ಇಲ್ಲ. ಹೊಸ ಬಾಣವೇ ಹೊಸ ಕೆಲಸ ಹಚ್ಚಿತು: 1ರಿಂದ 3ಕ್ಕೆ, ಅಲ್ಲಿಂದ 4ಕ್ಕೆ ಹೋಗಬಹುದು, ಆದರೆ 1→4 ಇಲ್ಲ. ಅದನ್ನೂ ಹಾಕಿದರೆ ಮುಗಿಯಿತು. ಮೂರು ಬಾಣ ಆರಾದವು, ಈ ಆರೇ ಟ್ರಾನ್ಸಿಟಿವ್ ಕ್ಲೋಷರ್. ಹದಿನಾರೂ ಬಾಣ ಎಳೆದುಬಿಟ್ಟರೂ ನಿಯಮಕ್ಕೇನೂ ತೊಂದರೆಯಿಲ್ಲ, ಆದರೆ ಕ್ಲೋಷರ್ ಅನ್ನಿಸಿಕೊಳ್ಳಲು ಬೇಕಾದ್ದಕ್ಕಿಂತ ಒಂದೂ ಜಾಸ್ತಿ ಇರಬಾರದು.

ಇಂಥ ಕ್ಲೋಷರ್ ಇನ್ನೆರಡಿವೆ, ಅವು ಸುಲಭ. ಪ್ರತಿ ಚುಕ್ಕಿಯಿಂದ ಅದಕ್ಕೇ ಒಂದು ಬಾಣ ಸುತ್ತಿಸಿದರೆ ರಿಫ್ಲೆಕ್ಸಿವ್ ಕ್ಲೋಷರ್, ಪ್ರತಿ ಬಾಣಕ್ಕೂ ತಿರುಗು ಬಾಣ ಹಾಕಿದರೆ ಸಿಮೆಟ್ರಿಕ್ ಕ್ಲೋಷರ್.

ಮಜಾ ಇರುವುದು ಎರಡನ್ನು ಒಂದರ ಮೇಲೊಂದು ಮಾಡುವಾಗ. ಮೂರೇ ಚುಕ್ಕಿ ತಗೊಳ್ಳಿ, ಬಾಣ ಎರಡೇ: 1→2, 3→2. ಎರಡೂ 2ಕ್ಕೆ ಬಂದು ನಿಲ್ಲುತ್ತವೆ, ಅಲ್ಲಿಂದ ಮುಂದೆ ದಾರಿಯೇ ಇಲ್ಲ, ಅಂದರೆ ಇದು ಆಗಲೇ ಟ್ರಾನ್ಸಿಟಿವ್, ಏನೂ ಸೇರಿಸಬೇಕಿಲ್ಲ. ಆಮೇಲೆ ಸಿಮೆಟ್ರಿಕ್ ಮಾಡಿ. 2→1, 2→3 ಬಂದವು, ಒಟ್ಟು ನಾಲ್ಕು. ಈಗ 1ರಿಂದ 2ಕ್ಕೆ, 2ರಿಂದ 3ಕ್ಕೆ ಹೋಗಬಹುದು, ಆದರೆ 1→3 ಎಲ್ಲಿ? ಇದ್ದ ಗುಣವೇ ಕೈತಪ್ಪಿತು! ಅದೇ ಮೊದಲು ಸಿಮೆಟ್ರಿಕ್ ಮಾಡಿ ಆಮೇಲೆ ಟ್ರಾನ್ಸಿಟಿವ್ ಮಾಡಿದರೆ ಒಂಬತ್ತೂ ಬಾಣ ಬಂದು ಎರಡೂ ಗುಣ ಉಳಿಯುತ್ತವೆ, ಯಾಕೆಂದರೆ ಎಲ್ಲ ಬಾಣಕ್ಕೂ ಜೋಡಿ ಇರುವಾಗ ಹೋದ ದಾರಿಯಲ್ಲೇ ವಾಪಸ್ ಬರಬಹುದು. ಈ ಮೂರೂ ಗುಣ ಇರುವ ರಿಲೇಷನ್, ಅಂದರೆ ಈಕ್ವಿವಲೆನ್ಸ್ ರಿಲೇಷನ್, ಕಟ್ಟುವಾಗ ಟ್ರಾನ್ಸಿಟಿವ್ ಹೆಜ್ಜೆಯನ್ನು ಸಿಮೆಟ್ರಿಕ್ ಆದ ಮೇಲೇ ಇಡುವುದು ಇದಕ್ಕೇ. ರಿಫ್ಲೆಕ್ಸಿವ್ ಮಾತ್ರ ಪಾಪ, ಯಾವಾಗ ಮಾಡಿದರೂ ತಕರಾರಿಲ್ಲ.

ಚುಕ್ಕಿಗಳು ನೂರಾದರೆ ಇದು ಕಂಪ್ಯೂಟರ್ ಕೆಲಸ. 1959ರಲ್ಲಿ ಬರ್ನಾರ್ಡ್ ರಾಯ್, 1962ರಲ್ಲಿ ಸ್ಟೀಫನ್ ವಾರ್ಷಲ್ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಚುಕ್ಕಿಯನ್ನೂ ಸರದಿಯಂತೆ ನಡುವೆ ಇಟ್ಟುಕೊಂಡು, ಅದರ ಮೂಲಕ ಯಾವುದರಿಂದ ಯಾವುದಕ್ಕೆ ಹೋಗಬಹುದು ಅಂತ ನೋಡಲಾಗುತ್ತದೆ. ನೂರು ಚುಕ್ಕಿಗೆ ಹತ್ತು ಲಕ್ಷ ಸಲ ನೋಡಬೇಕು, ಈಗಿನ ಯಂತ್ರಕ್ಕೆ ಅದೇನೂ ದೊಡ್ಡದಲ್ಲ. ಪ್ರೋಗ್ರಾಂನಲ್ಲಿ ಇದಕ್ಕೆ ಒಂದರೊಳಗೊಂದು ಮೂರು ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಸುತ್ತು, ಬೇಕು: ಹೊರಡುವ ಚುಕ್ಕಿಗೊಂದು, ತಲುಪುವ ಚುಕ್ಕಿಗೊಂದು, ನಡುವಿನದಕ್ಕೊಂದು. ನಡುವಿನ ಚುಕ್ಕಿಯ ಲೂಪ್ ಮಾತ್ರ ಎಲ್ಲಕ್ಕಿಂತ ಹೊರಗಿರಬೇಕು. ಒಳಗೆ ಹಾಕಿದರೆ ಪ್ರೋಗ್ರಾಂ ಓಡುತ್ತದೆ, ಉತ್ತರವೂ ಬರುತ್ತದೆ, ಆದರೆ ಕೆಲವು ಬಾಣ ಬಿಟ್ಟುಹೋಗಬಹುದು.

ಹಾಗಂತ ಎಲ್ಲ ಗುಣಕ್ಕೂ ಕ್ಲೋಷರ್ ಸಿಗುವುದಿಲ್ಲ. ‘ಯಾವ ಎರಡು ಬೇರೆ ಚುಕ್ಕಿ ತಗೊಂಡರೂ ಅವುಗಳ ನಡುವೆ ಒಂದು ದಿಕ್ಕಿನಲ್ಲಾದರೂ ಬಾಣ ಇರಬೇಕು’ ಅಂತ ನಿಯಮ ಮಾಡಿ ನೋಡಿ. ಖಾಲಿ ಇರುವ 1, 2ರ ನಡುವೆ 1→2 ಹಾಕಿದರೂ ಸರಿ, 2→1 ಹಾಕಿದರೂ ಸರಿ. ಎರಡರಲ್ಲೂ ಇರುವುದನ್ನಷ್ಟೇ ಇಟ್ಟುಕೊಳ್ಳೋಣ ಅಂದರೆ ಒಂದೂ ಬಾಣ ಉಳಿಯುವುದಿಲ್ಲ, ನಿಯಮ ಮುರಿಯುತ್ತದೆ. ಎಲ್ಲಕ್ಕಿಂತ ಚಿಕ್ಕದು ಅನ್ನುವಂಥದ್ದು ಇಲ್ಲಿ ಒಂದಿಲ್ಲ, ಎರಡಿವೆ. ಯಾವುದನ್ನು ಆರಿಸಬೇಕು ಅಂತ ಗಣಿತ ಹೇಳುವುದಿಲ್ಲ.