ಲೋಟದೊಳಗಿನ ನೀರಿನ ಲೆಕ್ಕ

ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಗಳಲ್ಲಿ ಕುಡಿಯುವ ನೀರಿನ ಗುರಿಯು ಐದು ವರ್ಷ ಮೊದಲೇ, 2010ರಲ್ಲಿಯೇ, ಈಡೇರಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2012ರಲ್ಲಿ ಪ್ರಕಟಿಸಿದವು. ಎರಡು ದಶಕಗಳಲ್ಲಿ ಇನ್ನೂರು ಕೋಟಿಗೂ ಹೆಚ್ಚು ಜನರಿಗೆ ಸುಧಾರಿತ ಜಲಮೂಲ ದೊರೆತದ್ದು ನಿಜಕ್ಕೂ ದೊಡ್ಡ ಸಾಧನೆಯೇ. ಆದರೆ ಈ ಎರಡು ಸಂಸ್ಥೆಗಳು 1990ರಿಂದ ಜಂಟಿಯಾಗಿ ನಡೆಸುತ್ತ ಬಂದಿರುವ ಉಸ್ತುವಾರಿ ಕಾರ್ಯಕ್ರಮವು ಆಗ ಆಧರಿಸಿದ್ದ ಮುಖ್ಯ ಪ್ರಶ್ನೆ, ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದಾಗಿತ್ತು. ನಲ್ಲಿ, ಕೊಳವೆಬಾವಿ ಅಥವಾ ಕಟ್ಟೆ ಕಟ್ಟಿ ಮುಚ್ಚಿದ ಬಾವಿ ಎಂಬ ಉತ್ತರ ಸಿಕ್ಕರೆ ಆ ಮನೆ ಗುರಿ ಮುಟ್ಟಿದವರ ಪಟ್ಟಿಗೆ ಸೇರುತ್ತಿತ್ತು. ನೀರಿನಲ್ಲಿ ಏನಿದೆ ಎಂಬುದು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

2015ರಲ್ಲಿ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳು ಈ ಅಳತೆಗೋಲನ್ನು ಬದಲಿಸಿದವು. ನೀರು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಅದರಲ್ಲಿ ಮಲದ ಸೋಂಕಾಗಲಿ ಮಿತಿ ಮೀರಿದ ಆರ್ಸೆನಿಕ್, ಫ್ಲೋರೈಡ್‌ಗಳಾಗಲಿ ಇರಬಾರದು. ಪಾವಗಡ, ಕೋಲಾರಗಳ ಫ್ಲೋರೈಡ್ ಬೆರೆತ ಕೊಳವೆಬಾವಿಗಳನ್ನು ಬಲ್ಲವರಿಗೆ ಕೊನೆಯ ಷರತ್ತಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಈ ಅಳತೆಯ ಪ್ರಕಾರ 2024ರಲ್ಲಿ ಸುಮಾರು 210 ಕೋಟಿ ಜನರು ಸುರಕ್ಷಿತ ನೀರಿನಿಂದ ವಂಚಿತರಾಗಿದ್ದರು.

ಮಲದ ಸೋಂಕನ್ನು ಪತ್ತೆಹಚ್ಚುವ ವಿಧಾನ ಬಹಳ ಸುಂದರವಾದುದು. ಕಾಲರಾ, ವಿಷಮಶೀತ ಜ್ವರ, ಆಮಶಂಕೆಗಳ ರೋಗಾಣುಗಳನ್ನು ಒಂದೊಂದಾಗಿ ಹುಡುಕುವುದು ದುಬಾರಿ. ಮೇಲಾಗಿ ಸಾಮಾನ್ಯವಾಗಿ ಸೋಂಕು ತಗುಲಿದವರಿದ್ದಾಗ ಮಾತ್ರ ಅವು ನೀರಿಗೆ ಇಳಿಯುತ್ತವೆ. ಥಿಯೊಡೋರ್ ಎಷೆರಿಚ್ 1885ರಲ್ಲಿ ಶಿಶುಗಳ ಮಲದಲ್ಲಿ ಗುರುತಿಸಿದ, ಇಂದು ಇ-ಕೋಲೈ ಎನಿಸಿಕೊಳ್ಳುವ ಬ್ಯಾಕ್ಟೀರಿಯಾ ಹಾಗಲ್ಲ. ಆರೋಗ್ಯವಂತರ ಕರುಳಿನಲ್ಲೂ ಅದು ಸದಾ ಇರುವುದರಿಂದ, ನಮ್ಮ ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆ ಬೆಂಕಿಯನ್ನು ಸೂಚಿಸುವಂತೆ, ನೀರಿನಲ್ಲಿ ಕಂಡ ಇ-ಕೋಲೈ ಮಲದ ಸಂಪರ್ಕವನ್ನು ಸೂಚಿಸುತ್ತದೆ. ನೂರು ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರಗಳ ತೆಳುಪೊರೆಯ ಮೂಲಕ ಸೋಸಿದರೆ ಬ್ಯಾಕ್ಟೀರಿಯಾ ಪೊರೆಯ ಮೇಲೆ ಉಳಿಯುತ್ತವೆ. ಆ ಪೊರೆಯನ್ನು ಪೋಷಕಾಂಶವಿರುವ ತಟ್ಟೆಯ ಮೇಲಿಟ್ಟು ಒಂದು ದಿನ ಮೈಬಿಸಿಯಷ್ಟು ಶಾಖದಲ್ಲಿ ಕಾಪಾಡಿದರೆ, ಬರಿಗಣ್ಣಿಗೆ ಕಾಣದ ಒಂದೊಂದು ಇ-ಕೋಲೈ ಕೋಶವೂ ಲಕ್ಷಾಂತರವಾಗಿ ಬೆಳೆದು, ತನ್ನದೇ ಕಿಣ್ವದಿಂದ ತಟ್ಟೆಯಲ್ಲಿರುವ ರಾಸಾಯನಿಕವನ್ನು ಒಡೆದು, ನೀಲಿ ಚುಕ್ಕೆಯಾಗಿ ಮೂಡುತ್ತದೆ. ಒಂದು ಚುಕ್ಕೆ ಮೂಡಿದರೂ ಆ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವನ್ನು ಮುಟ್ಟಲಿಲ್ಲವೆಂದೇ ಅರ್ಥ.

ಶುದ್ಧೀಕರಿಸಿದ ನೀರು ನಲ್ಲಿಗೆ ಬರುವಷ್ಟರಲ್ಲಿ ಕೆಡುವುದು ಹೇಗೆಂಬುದನ್ನು ಹುಬ್ಬಳ್ಳಿ-ಧಾರವಾಡ ತೋರಿಸಿಕೊಟ್ಟಿದೆ. ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಹರಿಯುತ್ತಿದ್ದಾಗ ಉಳಿದೆಡೆ ಕೆಲವು ದಿನಗಳಿಗೊಮ್ಮೆ, ಕೆಲವೇ ತಾಸು ನೀರು ಬಿಡುತ್ತಿದ್ದರು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರಂತರ ಪೂರೈಕೆಯ ನಲ್ಲಿಗಳ ಮಾದರಿಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಕಡೆ ಇ-ಕೋಲೈ ಸಿಕ್ಕರೆ, ಬಿಟ್ಟುಬಿಟ್ಟು ಬರುವ ನಲ್ಲಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮಾದರಿಯಲ್ಲಿ ಸಿಕ್ಕಿತು. ತುಂಬಿ ಹರಿಯುವ ಪೈಪಿನಲ್ಲಿ ಒಳಗಿನ ಒತ್ತಡ ಹೆಚ್ಚಿರುವುದರಿಂದ ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಕೊಳಕು ಒಳಗೆ ಬರುವುದಿಲ್ಲ. ನೀರು ನಿಂತೊಡನೆ ಒತ್ತಡ ಇಳಿದು, ಸುತ್ತಲಿನ ಮಣ್ಣಿನ ತೇವವೂ ಪಕ್ಕದ ಚರಂಡಿಯ ಸೋರಿಕೆಯೂ ಅದೇ ಬಿರುಕಿನಿಂದ ಒಳನುಗ್ಗುತ್ತವೆ. ಮುಂದಿನ ಸರದಿಯ ಮೊದಲ ನೀರು ಅದನ್ನೆಲ್ಲ ಹೊತ್ತು ಮನೆಗೆ ಬರುತ್ತದೆ. ಮನೆಯವರು ಅದನ್ನು ಹಂಡೆ, ಡ್ರಮ್ಮುಗಳಲ್ಲಿ ದಿನಗಟ್ಟಲೆ ಕೂಡಿಡಬೇಕು, ಅಲ್ಲಿ ಕೈ ಅದ್ದಿ ಮತ್ತೆ ಕೆಡಬಹುದು. ಯುನಿಸೆಫ್ ನೆರವಿನ ಮನೆಮನೆ ಸಮೀಕ್ಷೆಗಳಲ್ಲಿ ಈಗ ಮೂಲದ ನೀರಿನ ಜೊತೆಗೆ ಕುಡಿಯಲು ಕೊಡುವ ಲೋಟದ ನೀರನ್ನೂ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಅದೇ ನಗರದಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ, ನಿರಂತರ ನೀರಿದ್ದ ಕಡೆ ವಿಷಮಶೀತ ಜ್ವರವೂ ರಕ್ತಭೇದಿಯೂ ಕಡಿಮೆ ವರದಿಯಾದರೂ ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗಾಣುಗಳಿಗೆ ಬಾಯಿ ಸೇರಲು ಕೈ, ನೊಣ, ಅಂಗಳದ ಮಣ್ಣು ಎಂಬ ಬೇರೆ ದಾರಿಗಳೂ ಇರುವುದರಿಂದಲೇ ನೀರು, ಶೌಚ, ನೈರ್ಮಲ್ಯ ಮೂರನ್ನೂ ಒಟ್ಟಿಗೆ ಅಳೆಯಬೇಕಾಗುತ್ತದೆ. ಕೈ ತೊಳೆಯುತ್ತೀರಾ ಎಂದು ಕೇಳಿದರೆ ಹೌದೆನ್ನದವರು ವಿರಳ. ಆದ್ದರಿಂದ ಸಮೀಕ್ಷಕರು ಕೈ ತೊಳೆಯುವ ಜಾಗವನ್ನು ತೋರಿಸುವಂತೆ ಕೋರಿ, ಅಲ್ಲಿ ಆ ಹೊತ್ತಿಗೆ ನೀರೂ ಸಾಬೂನೂ ಇವೆಯೇ ಎಂದು ಕಣ್ಣಾರೆ ಕಂಡು ಬರೆದುಕೊಳ್ಳುತ್ತಾರೆ. 2024ರ ಅಂದಾಜಿನಂತೆ ಸುಮಾರು 170 ಕೋಟಿ ಜನರ ಮನೆಗಳಲ್ಲಿ ಇವೆರಡೂ ಒಟ್ಟಿಗೆ ಇರಲಿಲ್ಲ.