ಡಿವಿನಿಟಿ ಸ್ಕೂಲಿಗೆ ಸೇರಿದರೆ ಪಾದ್ರಿ ಆಗಲೇಬೇಕಾ?

ಪ್ರಶ್ನೆ: ಹಾರ್ವರ್ಡ್‌ನಲ್ಲಿ ಡಿವಿನಿಟಿ ಸ್ಕೂಲ್ ಇದೆಯಂತೆ. ನಾನು ಹಿಂದೂ. ಅಲ್ಲಿ ಓದಬಹುದಾ? ಓದಿದರೆ ಪಾದ್ರಿ ಆಗಲೇಬೇಕಾ?

ಓದಬಹುದು. ಡಿವಿನಿಟಿ ಸ್ಕೂಲ್ ಅಂದರೆ ಧರ್ಮಗಳ ಬಗ್ಗೆ ಕಲಿಸುವ ಕಾಲೇಜು. ಪಾದ್ರಿ ಆಗಬೇಕಾಗಿಲ್ಲ. ಆಗ್ತೀನಿ ಅಂದರೂ ಸ್ಕೂಲು ಮಾಡುವುದಿಲ್ಲ! ಅದು ಕೊಡುವುದು ಡಿಗ್ರಿ ಮಾತ್ರ, ದೀಕ್ಷೆ ಕೊಡುವುದು ಆಯಾ ಚರ್ಚು. ಲಾ ಪಾಸಾದರೂ ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸದೆ ಕರಿ ಕೋಟು ಹಾಕೋಕಾಗಲ್ಲ, ಅಲ್ವಾ? ಹಾಗೇ.

ನಿಮ್ಮ ಅನುಮಾನ ಸಹಜವೇ. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದಲು ಸಾಮಾನ್ಯವಾಗಿ ಚರ್ಚುಗಳೇ ಜನರನ್ನು ಕಳಿಸುತ್ತವೆ. ಆದರೆ 1816ರಲ್ಲಿ ಶುರುವಾದ ಹಾರ್ವರ್ಡ್ ಸ್ಕೂಲಿನಲ್ಲಿ ಈಗ ಬೌದ್ಧರು, ಮುಸ್ಲಿಮರು, ಹಿಂದೂಗಳು, ಯಾವ ಧರ್ಮವೂ ಬೇಡ ಅನ್ನುವವರು ಎಲ್ಲರೂ ಇದ್ದಾರೆ. ಗ್ರಂಥ, ಇತಿಹಾಸದ ಮೇಲೆ ಆಸೆಯಿದ್ದರೆ 2 ವರ್ಷದ ಎಂ.ಟಿ.ಎಸ್. (ಮಾಸ್ಟರ್ ಆಫ್ ಥಿಯಲಾಜಿಕಲ್ ಸ್ಟಡೀಸ್) ಇದೆ. ಜನರ ಜೊತೆ ಕೆಲಸ ಮಾಡಬೇಕೆಂದರೆ 3 ವರ್ಷದ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ).

ಎಂ.ಡಿವ್‌ನಲ್ಲಿ ಓದಿನ ಜೊತೆ ಹೊರಗಡೆ ಕೆಲಸವನ್ನೂ ಕಲಿಯಬೇಕು. ಅದಕ್ಕಾಗಿ ಕೆಲವರು ಆಸ್ಪತ್ರೆಗೆ ಹೋಗುತ್ತಾರೆ. ಈ ತರಬೇತಿಗೆ ಸಿ.ಪಿ.ಇ. (ಕ್ಲಿನಿಕಲ್ ಪಾಸ್ಟೋರಲ್ ಎಜುಕೇಷನ್) ಅಂತಾರೆ. ಒಂದು ಯೂನಿಟ್ ಅಂದರೆ 400 ಗಂಟೆ. ರೋಗಿಯ ಪಕ್ಕ ಕೂತು ಮಾತಾಡಿ ಬರಬೇಕು. ಆಮೇಲೆ ಅವರೇನಂದರು, ನಾನೇನಂದೆ, ಎಲ್ಲಿ ಇಬ್ಬರೂ ಸುಮ್ಮನಾದೆವು ಅನ್ನುವುದನ್ನೆಲ್ಲ ನೆನಪಿನಿಂದ ಬರೆದು ಜೊತೆಗೆ ಕಲಿಯುವವರ ಗುಂಪಿನ ಮುಂದೆ ಓದಬೇಕು. ರೋಗಿ "ರಾತ್ರಿ ಭಯ ಆಗುತ್ತೆ" ಅಂದಿರುತ್ತಾರೆ. ನೀವು "ಎಲ್ಲಾ ಸರಿಹೋಗುತ್ತೆ" ಅಂದಿರುತ್ತೀರಿ. ಗುಂಪು ಬಿಡುವುದಿಲ್ಲ: ಅದು ಅವರಿಗೆ ಹೇಳಿದ್ದಾ, ನಿಮ್ಮ ಸಮಾಧಾನಕ್ಕೆ ಹೇಳಿಕೊಂಡದ್ದಾ? ನನ್ನ ಮಟ್ಟಿಗೆ, ಇದರ ಮುಂದೆ ಬೈಬಲ್ ಓದಲು ಕಲಿಯುವ ಗ್ರೀಕ್ ವ್ಯಾಕರಣ ಸುಲಭ.

ಈ ಪದ್ಧತಿ ಬೆಳೆಸಿದವರಲ್ಲಿ ಮೊದಲಿಗರು ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್. ತಾವೇ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. 1925ರಲ್ಲಿ ಮ್ಯಾಸಚುಸೆಟ್ಸ್‌ನ ವೂಸ್ಟರ್ ಸ್ಟೇಟ್ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಕಲಿಸಲು ಶುರುಮಾಡಿದರು. ಪುಸ್ತಕ ಓದುವಷ್ಟೇ ಗಮನ ಕೊಟ್ಟು ಮನುಷ್ಯರನ್ನೂ ಓದಬೇಕು ಅನ್ನುವುದು ಅವರ ವಾದ.

ಓದಿ ಮುಗಿಸಿದವರು ಚಾಪ್ಲೇನ್ (ಅಲ್ಲಿನ ಜನರಿಗೆ ಮನಸ್ಸಿನ, ಧರ್ಮದ ಆಸರೆ ಕೊಡುವವರು) ಆಗಿ ಆಸ್ಪತ್ರೆ, ಜೈಲು, ಸೇನೆ, ಯೂನಿವರ್ಸಿಟಿ ಸೇರುತ್ತಾರೆ. ಮೇಷ್ಟ್ರಾಗುವವರೂ ಇದ್ದಾರೆ. ಆಸ್ಪತ್ರೆ ಚಾಪ್ಲೇನ್ ಅಂತ ಸರ್ಟಿಫಿಕೇಟ್ ಬೇಕಿದ್ದರೆ ಸಾಮಾನ್ಯವಾಗಿ ಸಿ.ಪಿ.ಇ.ಯ 4 ಯೂನಿಟ್ ಆಗಿರಬೇಕು. ಅಂದಹಾಗೆ, ಅಮೆರಿಕದ ಕೆಲವು ಯೂನಿವರ್ಸಿಟಿಗಳಲ್ಲಿ ಹಿಂದೂ ಚಾಪ್ಲೇನ್‌ಗಳೂ ಇದ್ದಾರೆ.