ಮಾಗಡಿ ಕೆರೆಗೆ ಹಕ್ಕಿ ಕಡಿಮೆಯಾದವಾ, ಜಾಸ್ತಿಯಾದವಾ?

ಬೆಂಗಳೂರು ಕಡೆಯ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ. ಜನವರಿ ಬಂತೆಂದರೆ ಇಲ್ಲಿ ಪ್ರತಿ ವರ್ಷ ಒಂದೇ ಜಗಳ. ಈ ಸಲ ಹೆಬ್ಬಾತು ಅರ್ಧಕ್ಕರ್ಧ ಕಡಿಮೆ ಅಂತ ಒಬ್ಬರು, ಇಲ್ಲ, ಹೋದ ವರ್ಷಕ್ಕಿಂತ ಜಾಸ್ತಿ ಅಂತ ಇನ್ನೊಬ್ಬರು. ಇಬ್ಬರ ಕೈಯಲ್ಲೂ ಎಣಿಸಿದ ಲೆಕ್ಕ ಇರುತ್ತದೆ. ಇಬ್ಬರದ್ದೂ ಸುಳ್ಳಲ್ಲ, ತೊಡಕು ಇರೋದೇ ಅಲ್ಲಿ.

ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಪಟ್ಟೆತಲೆ ಹೆಬ್ಬಾತುಗಳನ್ನು ಊರವರು ಮೊದಲಿಂದ ಕಣ್ಣಳತೆಯಲ್ಲೇ ಅಳೆದವರು. 1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಶುರುವಾಯಿತು, ಪ್ರತಿ ಜನವರಿ ಸ್ವಯಂಸೇವಕರು ಕೆರೆ ಕೆರೆ ಸುತ್ತಿ ಎಣಿಸುವ ಪದ್ಧತಿ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು. ಹಾಗಾಗಿ ಅದಕ್ಕೂ ಹಿಂದಿನ ಕಾಗದ ಹುಡುಕುವವರು ಧಾರವಾಡ ಜಿಲ್ಲೆ ಅಂತ ನೋಡಬೇಕು. 2024ರ ಜನವರಿಯಲ್ಲಿ ಸುಮಾರು 50 ಹೆಕ್ಟೇರಿನ ಈ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಸುದ್ದಿ ಬಂತು. ಚಳಿಗಾಲಕ್ಕೆ ಸುಮಾರು 8,000 ಹೆಬ್ಬಾತು ಬರುತ್ತವೆ ಎಂಬ ಮಾತು ಆಗಲೇ ಎಲ್ಲರ ಬಾಯಿಗೆ ಬಿತ್ತು. ಈಗ ಯಾವ ವರ್ಷ ಎಣಿಸಿದರೂ ಅದನ್ನೇ ಪಕ್ಕಕ್ಕಿಟ್ಟು ನೋಡುತ್ತಾರೆ.

ಆದರೆ ಎಣಿಸೋದು ಹೇಗೆ ಗೊತ್ತಾ? ನಾವು ಮೂವರು ಗೆಳೆಯರು ಒಮ್ಮೆ ಬೆಳಗಿನ ಜಾವ ಹುಬ್ಬಳ್ಳಿಯಿಂದ ಹೊರಟು, ದಾರಿಯಲ್ಲಿ ಚಹಾಕ್ಕೆ ನಿಂತು ತಡ ಮಾಡಿಕೊಂಡು, ಒಡ್ಡಿನ ಮೇಲೆ ಕೂತಾಗ ಕೆರೆ ಅರ್ಧ ಖಾಲಿ. ಹಕ್ಕಿಗಳೆಲ್ಲ ಮೇಯಲು ಸುತ್ತಲಿನ ಹೊಲಗಳಿಗೆ ಹೋಗಿದ್ದವು. ಅಷ್ಟಕ್ಕೇ ಎದ್ದಿದ್ದರೆ ನಮ್ಮ ಪುಸ್ತಕದಲ್ಲಿ ಬರೀ ಮುನ್ನೂರು ಚಿಲ್ಲರೆ. ಬಿಸಿಲೇರಿದ ಮೇಲೆ ಹಿಂಡು ಹಿಂಡಾಗಿ ಕೂಗುತ್ತಾ ಬಂದು ಇಳಿದವು ನೋಡಿ, ಒಂದೊಂದಾಗಿ ಎಣಿಸೋದು ಬಿಟ್ಟು ಹತ್ತು ಹಕ್ಕಿಯ ಒಂದು ತುಂಡು ಕಣ್ಣಲ್ಲಿ ಹಿಡಿದು, ಅಂಥವು ಎಷ್ಟು ಅಂತ ಲೆಕ್ಕ ಹಾಕಬೇಕಾಯಿತು. ಮೂವರದ್ದು ಮೂರು ಲೆಕ್ಕ! ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಸದ್ದಿಗೆ ಎಲ್ಲಾ ಎದ್ದವು, ಮತ್ತೆ ಒಂದರಿಂದ ಶುರು.

ಇದರ ಮೇಲೆ ನೀರಿನ ಮಾತು ಬೇರೆ. 2023ರಂಥ ಬರಗಾಲದಲ್ಲಿ ಕೆರೆ ತಗ್ಗಿದರೆ ಹಕ್ಕಿ ಇನ್ನೊಂದು ಕೆರೆಗೆ ಹೋಗಿ ಕೂರುತ್ತವೆ. ಇಲ್ಲಿ ಕಡಿಮೆ ಅಂದರೆ ಹಕ್ಕಿಯೇ ಕಡಿಮೆ ಅಂತಲ್ಲ, ಅಲ್ವಾ? ಸುತ್ತಲಿನ ಕೆರೆಗಳನ್ನೂ ಅದೇ ದಿನ ನೋಡಿದ್ದರೆ ಮಾತ್ರ ಏನಾದರೂ ಹೇಳಬಹುದು. ಒಂದು ವರ್ಷ ಬೆಳಗ್ಗೆ ಆರಕ್ಕೆ, ಇನ್ನೊಂದು ವರ್ಷ ಹನ್ನೊಂದಕ್ಕೆ ಎಣಿಸಿ ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಆ ಗೆರೆ ಏರಿದ್ದು ಇಳಿದದ್ದು ಹಕ್ಕಿಯದ್ದಲ್ಲ, ನಮ್ಮ ಗಡಿಯಾರದ್ದು. ನನ್ನ ಕೇಳಿದರೆ, ಎಷ್ಟು ಹಕ್ಕಿ ಅನ್ನೋದರ ಪಕ್ಕ ಎಷ್ಟು ಗಂಟೆಗೆ, ಎಲ್ಲಿ ಕೂತು, ನೀರು ಎಲ್ಲಿವರೆಗೆ ಇತ್ತು ಅಂತ ಬರೆಯದ ಲೆಕ್ಕವನ್ನು ಹಳೆಯದರ ಜೊತೆ ಹೋಲಿಸಲೇಬಾರದು.

ನಮ್ಮ ಆವತ್ತಿನ ಪುಸ್ತಕದಲ್ಲೂ ಗಂಟೆ ಬರೆದಿಲ್ಲ.